ಭಾವನನ್ನು ಕಂಡ ವರ್ತಮಾನ

ಶ್ರೀ
ವೆಸ್ಟ್ ಮಾಂಬಲಂ, ಮದ್ರಾಸು
೫-೬-೧೯೫೩

ಮಾತೃಸಮಾನಳಾದ ತುಂಗಕ್ಕನ ಪಾದಗಳಿಗೆ ತಮ್ಮ ಶೀನನು ಉದ್ದಕ್ಕೆ ಬಿದ್ದು ಮಾಡುವ ನಮಸ್ಕಾರಗಳು. ಉದ್ದಕ್ಕೆ ಬೀಳಲು ಇಲ್ಲಿ ಜಾಗವಿಲ್ಲ. ಹೋಟೆಲಿನ ಮಾಳಿಗೆಯಲ್ಲಿ ಒಂಬತ್ತು ಜನ ಮಲಗುತ್ತೇವೆ. ಆದ್ದರಿಂದ ಮಡಚಿಕೊಂಡು ಬಿದ್ದೆ ಎಂದು ತಿಳಿದುಕೋ. ಈ ಕಾಗದವನ್ನು ನೀನು ಅತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳುತ್ತೀ ಎಂಬುದು ನನಗೆ ಗೊತ್ತುಂಟು. ಹಾಗಾಗಿ ಅಂಬುಜಮ್ಮನವರಿಗೂ ಇಲ್ಲಿಯೇ ಒಂದು ನಮಸ್ಕಾರ, ಮಡಿ ಕೆಡದಷ್ಟು ದೂರದಿಂದ.

ಭಾವನನ್ನು ಹುಡುಕಿ ತಾ ಎಂದು ನೀವು ನನ್ನನ್ನು ಇಲ್ಲಿಗೆ ಕಳಿಸಿ ಎರಡು ವರ್ಷವಾಯಿತು. ಹುಡುಕಾಟದ ನಡುವೆ ನಾನು ಕಲಿತ ವಿದ್ಯೆಯೆಂದರೆ ಎಡಗೈಯಲ್ಲಿ ಆರು ಲೋಟ ಕಾಫಿ ಹಿಡಿದು ಬಲಗೈಯಲ್ಲಿ ಎಲೆ ಹಾಕುವುದು. ಈಗ ವರ್ತಮಾನ ಕೇಳು. ವಾದಿರಾಜ ಭಾವ ತಿರುವೊಟ್ಟಿಯೂರಿನ ದೇವಸ್ಥಾನದ ಹಿಂದಿನ ಬೀದಿಯಲ್ಲಿ, ಒಂದು ಮೆಸ್ಸಿನಲ್ಲಿ ಅಡಿಗೆಗಿದ್ದರು. ನಾನು ಹೋಗುವಾಗ ಅಲ್ಲಿರಲಿಲ್ಲ. ಕಲ್ಕತ್ತೆಗೆ ಹೋದರೆಂದು ಒಬ್ಬ ಹೇಳಿದ, ನಾಗಪುರಕ್ಕೆಂದು ಇನ್ನೊಬ್ಬ ಹೇಳಿದ. ಹೊರಟು ಹೋದರು ಎಂಬಷ್ಟು ಮಾತ್ರ ಖಂಡಿತ.

ಇನ್ನೊಂದು ವಿಶೇಷ. ಇಲ್ಲಿಯ ಸೆಕೆ ತಡೆಯಲಾರದೆ ಮೊನ್ನೆ ತಲೆ ಬೋಳಿಸಿಕೊಂಡೆ. ದೋಸೆಕಲ್ಲಿಗೂ ನನ್ನ ತಲೆಗೂ ಈಗ ಹಿಡಿಯೊಂದೇ ವ್ಯತ್ಯಾಸ. ದುಡ್ಡಿನ ಗಲ್ಲೆಯಲ್ಲಿ ಕೂರುವ ಧಣಿಗಳು, ‘ಶೀನ, ಗಿರಾಕಿಗಳ ಕಣ್ಣಿಗೆ ಬೆಳಕು ಹೊಡೆಯುತ್ತದೆ, ಹದಿನೈದು ದಿನ ಒಳಗೆ ಹಿಟ್ಟು ಕಡೆಯುವ ಕಲ್ಲಿನ ಹತ್ತಿರ ಇರು’ ಎಂದಿದ್ದಾರೆ. ನಗು ಬಂದರೆ ನಗು.

ಇತಿ,
ಶೀನ


ಶ್ರೀ
ಮೂಡುಕೆರೆ, ಉಡುಪಿ ತಾಲೂಕು
೨-೭-೧೯೫೩

ಚಿರಂಜೀವಿ ಶೀನನಿಗೆ ಅಕ್ಕನ ಆಶೀರ್ವಾದ. ಕಾಗದ ಮುಟ್ಟಿತು. ನಿನ್ನ ತಲೆಯ ಸುದ್ದಿ ಓದುವಾಗ ನಾಲ್ಕು ವರ್ಷದಲ್ಲಿ ಮೊದಲ ಸಲ ಬಾಯಿ ತುಂಬ ನಕ್ಕೆ. ಅತ್ತೆ ಮಾತ್ರ ನಗಲಿಲ್ಲ.

‘ಕಂಡವರು ಯಾರು? ಹೆಸರು ಬರೆದಿದ್ದಾನಾ?’ ಎಂದು ಕೇಳಿದರು. ಇಲ್ಲ ಅಂದೆ. ‘ಸುದ್ದಿಯಿಲ್ಲದೆ ಹನ್ನೆರಡು ವರ್ಷ ಆಗಬೇಕು. ಆಮೇಲೆ ದರ್ಭೆಯ ಬೊಂಬೆ ಮಾಡಿ ಸುಟ್ಟು ಕರ್ಮ ಹಿಡಿಯಬೇಕು. ನಾಲ್ಕು ಆಗಿತ್ತು. ಈಗ ನಿನ್ನ ತಮ್ಮ ಸುದ್ದಿ ಕೊಟ್ಟ, ಪುನಃ ಒಂದರಿಂದ’ ಅಂದರು. ಅಡಿಗೆಮನೆಯ ಗೋಡೆಯಲ್ಲಿ ಅವರು ವರ್ಷಕ್ಕೊಂದು ಇದ್ದಲಿನ ಗೆರೆ ಎಳೆಯುವುದು ನಿನಗೆ ಗೊತ್ತಲ್ಲ. ನಾಲ್ಕನ್ನೂ ಸೆಗಣಿ ಹಾಕಿ ಒರಸಿದರು.

ಬೊಂಬೆ ಸುಟ್ಟ ದಿನ ನನಗೆ ಏನಾಗುತ್ತದೆಂದು ನಾನು ಬರೆಯಬೇಕಿಲ್ಲ. ಅಪ್ಪ ಹೋದಾಗ ಅಮ್ಮನ ತಲೆಗೆ ಆದದ್ದೇ.

ಭಾವ ಹೋಗುವಾಗ ಮೈ ಹೇಗಿತ್ತಂತೆ? ಮಗುವಿನ ಮಾತು ಎಂದಾದರೂ ಆಡಿದ್ದರಂತಾ? ಊರ್ಮಿಳಾಳಿಗೆ ಐದು ತುಂಬಿತು. ‘ಅಪ್ಪ’ ಎಂಬುದು ಮದ್ರಾಸಿನ ಒಂದು ಪೇಟೆಯ ಹೆಸರು ಎಂದು ತಿಳಿದುಕೊಂಡಿದ್ದಾಳೆ.

ತುಂಗಾ


ಶ್ರೀ
ಮದ್ರಾಸು
೧೦-೧೧-೧೯೫೬

ಪರರಾಜ್ಯದ ಪ್ರಜೆಯಾದ ತುಂಗಕ್ಕನಿಗೆ ನಮಸ್ಕಾರ. ಕಳೆದ ತಿಂಗಳವರೆಗೆ ನಾವಿಬ್ಬರೂ ಮದ್ರಾಸು ರಾಜ್ಯದವರೇ. ಒಂದನೆಯ ತಾರೀಕಿಗೆ ನೀವು ಕುಳಿತಲ್ಲಿಂದಲೇ ಮೈಸೂರಿನವರಾದಿರಿ, ನಾನು ನಿಂತಲ್ಲಿಯೇ ಪರದೇಶಿಯಾದೆ. ನಮ್ಮ ಉಪಾಧ್ಯರಿಗೆ ಇದರಿಂದ ಬಹಳ ಕಳವಳವಾಗಿದೆ. ‘ಇನ್ನು ಸಂಕಲ್ಪ ಹೇಳುವಾಗ ಯಾವ ದೇಶ ಎನ್ನುವುದು ಮಾರಾಯ?’ ಎಂದು ಕೇಳಿದರು. ತಿರುಮಲ ಉಪಾಧ್ಯರೆಂದರೆ ನಮ್ಮ ಹೋಟೆಲಿನ ಸಿಹಿತಿಂಡಿಯವರು. ಮುನ್ನೂರ ಅರವತ್ತನಾಲ್ಕು ದಿನ ಜಿಲೇಬಿ ಸುತ್ತುತ್ತಾರೆ. ಮಹಾಲಯ ಅಮಾವಾಸ್ಯೆಯೊಂದು ದಿನ ಕೈ ತೊಳೆದು ಸಮುದ್ರ ತೀರದಲ್ಲಿ ನಮ್ಮ ಊರಿನವರಿಗೆಲ್ಲ ಪುರೋಹಿತರಾಗುತ್ತಾರೆ. ಮಂತ್ರವೂ ಜಿಲೇಬಿಯ ಹಾಗೆಯೇ ಸುತ್ತಿ ಸುತ್ತಿ ಬರುತ್ತದೆ.

ಈಗ ಮುಖ್ಯ ವರ್ತಮಾನ. ಇದನ್ನು ಗಟ್ಟಿಯಾಗಿ ಓದು. ಅಂಬುಜಮ್ಮನವರು ಕಂಡವರ ಹೆಸರು ಕೇಳಿದ್ದರಲ್ಲ, ಕಂಡವನು ನಾನೇ. ಹೋದ ಬುಧವಾರ ಮೂರ್ ಮಾರ್ಕೆಟ್ಟಿನಲ್ಲಿ ಹಕ್ಕಿ ಮಾರುವ ಸಾಲಿನಲ್ಲಿ ಭಾವ ನಿಂತಿದ್ದರು. ಒಂದು ಗಿಣಿಗೆ ಚರ್ಚೆ ನಡೆಯುತ್ತಿತ್ತು. ಗಿಣಿಗೆ ತಮಿಳು ಮಾತ್ರ ಬರುತ್ತದೆಂದು ಅಂಗಡಿಯವನು, ಕನ್ನಡ ಕಲಿಸಿ ಕೊಟ್ಟರೆ ಮಾತ್ರ ಕೊಳ್ಳುತ್ತೇನೆಂದು ಭಾವ. ನಾನು ‘ಭಾವಾ’ ಎಂದು ಕೂಗುವಷ್ಟರಲ್ಲಿ ಜನಜಂಗುಳಿ ಅವರನ್ನು ನುಂಗಿತು. ಗಿಣಿ ಮಾತ್ರ ನನ್ನನ್ನು ನೋಡಿತು.

ಗೋಡೆಯ ಮೇಲೆ ಮೂರು ಗೆರೆ ಆಗಿರಬೇಕು. ಸೆಗಣಿ ಕಲಸಲು ಹೇಳು.

ಶೀನ


ಶ್ರೀ
ಮೂಡುಕೆರೆ
೮-೧-೧೯೫೮

ಶೀನನಿಗೆ ಆಶೀರ್ವಾದ. ನಿಮ್ಮ ಉಪಾಧ್ಯರು ರಜೆಯಲ್ಲಿ ಊರಿಗೆ ಬಂದವರು ಇಲ್ಲಿಗೂ ಬಂದಿದ್ದರು. ನೀನು ಕಳಿಸಿದ ಕಾಫಿಪುಡಿ, ಊರ್ಮಿಳಾಳ ರಿಬ್ಬನ್ನು ಮುಟ್ಟಿತು. ಚಾವಡಿಯಲ್ಲಿ ಕೂತು, ಒಳಗಿದ್ದ ನನಗೆ ಕೇಳುವಂತೆ ನಿನ್ನನ್ನು ಬಹಳ ಹೊಗಳಿದರು. ಹೋಟೆಲಿನ ಹುಡುಗರಲ್ಲಿ ಮಹಾಲಯಕ್ಕೆ ತಪ್ಪದೆ ಬರುವವನು ನೀನೊಬ್ಬನೇ ಅಂತೆ. ತೀರಿಹೋದವರೆಲ್ಲರ ಹೆಸರನ್ನೂ ಗೋತ್ರವನ್ನೂ ತಪ್ಪಿಲ್ಲದೆ ಹೇಳಿ ಎಳ್ಳುನೀರು ಬಿಡುತ್ತೀಯಂತೆ.

ಅತ್ತೆ ಆಗ ತೋಟದಲ್ಲಿದ್ದರು.

ನಾನು ಬಾಯಾರಿಕೆಗೆ ಬೆಲ್ಲ ನೀರು ತಂದಿಟ್ಟೆ. ಉಪಾಧ್ಯರು ತಲೆ ಎತ್ತಿ ನೋಡಿದವರು ಮಾತು ಅಲ್ಲಿಗೇ ನಿಲ್ಲಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಬೆಲ್ಲ ಹಾಗೆಯೇ ಇತ್ತು.

ಬೇರೆ ವಿಶೇಷವಿಲ್ಲ. ಎಣ್ಣೆ ಹಚ್ಚಿಕೋ, ಮೈ ನೋಡಿಕೋ.

ತುಂಗಾ


ಶ್ರೀ
ಮದ್ರಾಸು
೧೭-೪-೧೯೬೧

ಅಕ್ಕನಿಗೆ ನಮಸ್ಕಾರ. ಮೂರು ವರ್ಷದಲ್ಲಿ ನೀನು ಬರೆದದ್ದು ನಾಲ್ಕು ಕಾಗದ. ನಾಲ್ಕರಲ್ಲಿಯೂ ಭಾವನ ಹೆಸರಿಲ್ಲ. ನಿನಗೆ ಸಿಟ್ಟು ಬಂದಿದೆ ಎಂದು ನಾನು ತೀರ್ಮಾನ ಮಾಡಿದ್ದೇನೆ. ಸಿಟ್ಟು ಬರಬೇಕಾದದ್ದೇ. ಹೆಂಡತಿಯನ್ನು ಬಿಟ್ಟು ಗಿಣಿ ನೋಡುತ್ತ ತಿರುಗುವ ಗಂಡನ ಮೇಲೆ ಸಿಟ್ಟು ಮಾಡದೆ ಇನ್ನು ಯಾರ ಮೇಲೆ? ಆದರೂ ದೇವರಲ್ಲಿ ನಂಬಿಕೆ ಬಿಡಬೇಡ ಅಕ್ಕ.

ಕೇಳು. ಯುಗಾದಿಯ ಮರುದಿನ ಸೆಂಟ್ರಲ್ ಸ್ಟೇಷನ್ನಿನಲ್ಲಿ ಪುನಃ ಕಂಡೆ. ಈ ಸಲ ಸರಿಯಾಗಿ ಕಂಡೆ. ಗುಂಡುಗುಂಡಗೆ ಆಗಿದ್ದಾರೆ. ಹೆಗಲಲ್ಲಿ ರೇಷ್ಮೆ ಶಾಲು, ಕೈಯಲ್ಲಿ ಕೊಡೆ, ಬಾಯಲ್ಲಿ ವೀಳ್ಯ. ಕಲ್ಕತ್ತ ಮೆಯಿಲಿನ ಕಿಟಕಿಯಿಂದ ನನ್ನನ್ನು ನೋಡಿ ಕೈಯೆತ್ತಿದರು. ಹರಸಿದ್ದೋ, ಹಮಾಲಿಯನ್ನು ಕರೆದದ್ದೋ ಹೇಳಲಾರೆ. ಇದನ್ನು ಊರವರೆಲ್ಲ ಕೇಳುವಂತೆ ಓದು. ಸಾಕ್ಷಿ ಬೇಕಾದವರು ನನಗೆ ಬರೆಯಲಿ.

ನನ್ನ ಮದುವೆಯ ವಿಚಾರ ಕೇಳಿದ್ದೀ. ಮಾಳಿಗೆಯಲ್ಲಿ ಈಗ ಹನ್ನೊಂದು ಜನ. ಹನ್ನೆರಡನೆಯವಳಿಗೆ ಜಾಗವಿಲ್ಲ.

ಶೀನ


ಶ್ರೀ
ಮೂಡುಕೆರೆ
೨೦-೨-೧೯೬೪

ಶೀನ,

ಈ ಕಾಗದವನ್ನು ನಾನು ಯಾರಿಗೂ ಓದಿ ಹೇಳದೆ ಬರೆಯುತ್ತಿದ್ದೇನೆ. ನೀನೂ ಒಬ್ಬನೇ ಓದು.

ಊರ್ಮಿಳಾಳಿಗೆ ಕಲ್ಯಾಣಪುರದ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಶಾಲೆಯ ಮಾಸ್ತರು. ಜಾತಕ ಆಯಿತು, ನೋಡಿದ್ದೂ ಆಯಿತು. ಮೊನ್ನೆ ಹುಡುಗನ ಸೋದರಮಾವ ಬಂದು ಚಾವಡಿಯಲ್ಲಿ ಕೂತು, ‘ಅಪ್ಪ ಇಲ್ಲದ ಹುಡುಗಿಯನ್ನು ತರಬಹುದು. ಅಪ್ಪ ಇದ್ದೂ ತಿರುಗಿ ನೋಡದ ಹುಡುಗಿಯನ್ನು ಹೇಗೆ ತರುವುದು? ರೇಷ್ಮೆ ಶಾಲು ಹೊದ್ದು ತಿರುಗುವವನು ಮನೆಗೆ ಬಾರದಿದ್ದರೆ ಮನೆಯಲ್ಲಿ ಏನೋ ಇದ್ದೇ ಇರಬೇಕಲ್ಲ’ ಎಂದು ನನ್ನ ಕಡೆ ನೋಡಿಯೂ ನೋಡದ ಹಾಗೆ ಹೇಳಿದರು. ಊರ್ಮಿಳಾ ಬಾಗಿಲ ಹಿಂದೆ ಕಾಫಿ ಹಿಡಿದು ನಿಂತಿದ್ದಳು. ಅವಳೇ ತಂದು ಕೊಟ್ಟಳು. ಕುಡಿದು ಹೋದರು.

ಊರಲ್ಲಿ ಈ ಮಾತು ಹೊಸತಲ್ಲ. ನಿನ್ನ ಗಿಣಿಯ ಕಾಗದ ಬಂದ ಮರುವರ್ಷ ಗೌರಿಪೂಜೆಗೆ ನನ್ನನ್ನು ಮೂರು ಮನೆಯವರು ಕರೆಯಲಿಲ್ಲ. ಸೆಂಟ್ರಲ್ ಸ್ಟೇಷನ್ನಿನ ಕಾಗದ ಬಂದ ವರ್ಷ ಯಾರೂ ಕರೆಯಲಿಲ್ಲ. ಗಂಡ ಸತ್ತವಳ ಮೇಲೆ ಅಯ್ಯೋ ಅನ್ನುತ್ತಾರೆ ಶೀನ. ಗಂಡ ಬಿಟ್ಟವಳ ಮೇಲೆ ಹಾಗೆನ್ನುವುದಿಲ್ಲ.

ಈಗ ನನ್ನ ಕಳ್ಳತನ ಹೇಳುತ್ತೇನೆ. ನನಗೆ ಗೊತ್ತುಂಟು. ಉಪಾಧ್ಯರು ಬಂದ ದಿನದಿಂದ ಗೊತ್ತುಂಟು. ನಿನ್ನನ್ನು ಹೊಗಳುವ ಭರದಲ್ಲಿ ಅವರು ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಅಪ್ಪ, ಅಮ್ಮ, ಅಜ್ಜ, ದೊಡ್ಡಪ್ಪ. ಆಮೇಲೆ, ‘ಒಬ್ಬ ಭಾವ, ವಾದಿರಾಜ, ವಿಶ್ವಾಮಿತ್ರ ಗೋತ್ರ, ಅವರಿಗೆ ಮಾತ್ರ ಯಾವಾಗಲೂ ಒಂದು ಹಿಡಿ ಎಳ್ಳು ಜಾಸ್ತಿ’ ಅಂದರು. ಆಗಲೇ ನಾನು ನೀರು ಹಿಡಿದು ಎದುರು ಬಂದೆ. ನನ್ನ ಹಣೆಯ ಕುಂಕುಮ ನೋಡಿ ಅವರ ಬಾಯಿ ಕಟ್ಟಿತು. ಬದುಕಿದ್ದವರ ಹೆಸರಿಗೆ ಯಾರೂ ಎಳ್ಳು ಬಿಡುವುದಿಲ್ಲ. ಸುಳ್ಳು ಹೇಳುವವನು ನೀನು ಇಷ್ಟು ದಡ್ಡನಾಗಬಾರದಿತ್ತು.

ಆರು ವರ್ಷ ನಾನು ಯಾಕೆ ಬಾಯಿ ಬಿಡಲಿಲ್ಲ? ನಿನ್ನ ಮರ್ಯಾದೆಗೆ ಅಂತ ಬರೆಯಬಹುದು, ಆದರೆ ಅದು ಸುಳ್ಳು. ಹೆದರಿಕೆಗೆ. ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬಿಸಿಲಿಗೆ ಕೂದಲು ಹರಡಿ ಕೂರುವಾಗ, ಇನ್ನೊಂದು ವಾರ, ಇನ್ನೊಂದೇ ವಾರ ಅಂದುಕೊಳ್ಳುತ್ತಿದ್ದೆ. ದೇವರ ಮುಂದೆ ಕುಂಕುಮ ಇಡುವ ಹಕ್ಕು ನನಗಿರಲಿಲ್ಲ. ಆದರೂ ಇಡುತ್ತಿದ್ದೆ. ದೇವರು ಏನೂ ಹೇಳಲಿಲ್ಲ. ಅವನಿಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿಲ್ಲದವರು ಅತ್ತೆಯೊಬ್ಬರೇ. ಮಗನಿಗೆ ಒಂದು ಹನಿ ನೀರು ಬಿಡುವ ದಿನಕ್ಕಾಗಿ ಅವರು ಗೆರೆ ಎಳೆಯುತ್ತಿದ್ದರು, ನಾವಿಬ್ಬರೂ ಸೇರಿ ಒರಸುತ್ತಿದ್ದೆವು.

ನನಗೆ ನಲವತ್ತಾಗುತ್ತ ಬಂತು. ಇನ್ನು ನನ್ನನ್ನು ಸಾಕಬೇಡ. ನಿಜ ಬರೆ. ಸಾವಿನ ಕಾಗದಕ್ಕೆ ಹಾಕದ ಹಾಗೆ ತಲೆಗೆ ‘ಶ್ರೀ’ ಹಾಕಬೇಡ. ಅದಿಲ್ಲದಿದ್ದರೆ ಮಾತ್ರ ನಿನ್ನನ್ನು ನಂಬುತ್ತೇನೆ.

ತುಂಗಾ


ಮದ್ರಾಸು
೧೧-೩-೧೯೬೪

ಅಕ್ಕ,

ಮೇಲೆ ಖಾಲಿ ಬಿಟ್ಟಿದ್ದೇನೆ, ನೋಡಿಕೋ.

ತಿರುವೊಟ್ಟಿಯೂರಿನ ಮೆಸ್ಸು ನಿಜ. ಅಲ್ಲಿಂದ ಹೋದದ್ದೂ ನಿಜ. ಕಲ್ಕತ್ತೆಗಲ್ಲ. ಕೆಮ್ಮಿದಾಗ ರಕ್ತ ಬಂತೆಂದು ಮೆಸ್ಸಿನವರು ಬಿಡಿಸಿದರು. ಐವತ್ತಮೂರನೇ ಇಸವಿ ಏಪ್ರಿಲ್ಲಿನಲ್ಲಿ ಕ್ಷಯದ ವಾರ್ಡಿನಲ್ಲಿ ನನಗೆ ಸಿಕ್ಕಿದರು. ನಾನು ಮಂಚ ದಾಟಿ ಮುಂದೆ ಹೋಗಿದ್ದೆ, ಗುರುತೇ ಸಿಗಲಿಲ್ಲ. ಅವರೇ ಕರೆದರು. ‘ಶೀನ, ಮೂಗಿಗೆ ಬಟ್ಟೆ ಹಿಡಿ’ ಎಂದರು.

ಆರು ವಾರ ಇದ್ದರು. ದಿನಾ ಮಧ್ಯಾಹ್ನ ಹೋಟೆಲಿನಿಂದ ಗಂಜಿ ಒಯ್ಯುತ್ತಿದ್ದೆ. ಊರಿನಿಂದ ಹೊರಟಾಗಲೇ ಅವರಿಗೆ ಸಂಶಯವಿತ್ತು ಅಕ್ಕ. ಊರ್ಮಿಳಾ ಒಂದು ವರ್ಷದ ಮಗು. ಹೊತ್ತು ಹೊತ್ತಿಗೂ ಅವರ ಎದೆಯ ಮೇಲೆಯೇ ಮಲಗಬೇಕು ಅವಳಿಗೆ. ದೂರ ಇಡಲು ಬೇರೆ ದಾರಿ ಕಾಣದೆ ತಾವೇ ದೂರ ಬಂದರು. ವಾಸಿ ಮಾಡಿಕೊಂಡು ಹೋಗುವ ಆಸೆಯಿತ್ತು.

‘ಒಂದು ಕಾಗದ ಹಾಕಬಾರದಿತ್ತಾ ಭಾವ?’ ಎಂದು ಕೇಳಿದೆ. ‘ಲಕೋಟೆಗೆ ಎಂಜಲು ಹಚ್ಚಿ ಅಂಟಿಸಬೇಕಲ್ಲ ಮಾರಾಯ. ಅಂಚೆಚೀಟಿಗೂ ಎಂಜಲು. ಮಗು ಅದನ್ನು ಬಾಯಿಗೆ ಹಾಕಿದರೆ?’ ಎಂದರು. ‘ಕಾರ್ಡು ಬರೆಯಬಹುದಿತ್ತು. ಕಾರ್ಡಿಗೆ ಅಂಟಿಸುವುದೇನುಂಟು?’ ಎಂದೆ. ಅವರು ದಿಂಬಿನಿಂದ ತಲೆ ಎತ್ತಿದರು. ‘ಹೌದಲ್ಲ’ ಎಂದರು. ಆಮೇಲೆ ನಗು ಬಂತು. ನಗು ಕೆಮ್ಮಾಯಿತು. ನರ್ಸು ಬಂದು ನನ್ನನ್ನು ಹೊರಗೆ ಕಳಿಸಿದಳು. ಅಕ್ಕ, ನಾಲ್ಕು ವರ್ಷ ಆ ಮನುಷ್ಯನಿಗೆ ಒಂದು ಕಾರ್ಡು ಹೊಳೆಯಲಿಲ್ಲ. ಅದನ್ನು ನಾನು ತಮಾಷೆಗೆ ಹೇಳಿ ಹೊಳೆಸಿದೆ.

ಕೊನೆಗೆ ಒಂದೇ ಮಾತು ಹೇಳಿದರು: ‘ಬಿಟ್ಟು ಹೋದದ್ದಲ್ಲ ಅಂತ ತುಂಗೆಗೆ ಹೇಳು.’ ಹನ್ನೊಂದು ವರ್ಷದಲ್ಲಿ ನಿನಗೆ ಗಿಣಿಯ ಸುದ್ದಿ ಬರೆದೆ, ಜಿಲೇಬಿಯ ಸುದ್ದಿ ಬರೆದೆ. ಇದೊಂದನ್ನು ಬರೆಯಲಿಲ್ಲ. ಇದನ್ನು ಬರೆದರೆ ಮುಂದಿನದನ್ನೂ ಬರೆಯಬೇಕಿತ್ತು.

ಅಪ್ಪ ಹೋದ ಹತ್ತನೆಯ ದಿನ ಕ್ಷೌರದವನನ್ನು ಕರೆದು ತಾ ಎಂದು ನನ್ನನ್ನು ಕಳಿಸಿದ್ದರು. ಯಾರಿಗೆಂದು ತಿಳಿಯದೆ ನಾನು ಓಡಿಕೊಂಡು ಹೋಗಿ ಕರೆದು ತಂದೆ. ಬೇಗ ಬಂದದ್ದಕ್ಕೆ ದೊಡ್ಡಪ್ಪ ಬೆಲ್ಲ ಕೊಟ್ಟರು. ಒಳಗಿನಿಂದ ಅಮ್ಮನ ಸದ್ದು ಕೇಳುವಾಗ ಬೆಲ್ಲ ಬಾಯಲ್ಲಿತ್ತು. ಎರಡನೆಯ ಸಲ ಕರೆದು ತರುವುದು ನನ್ನಿಂದ ಆಗಲಿಲ್ಲ. ನಿನ್ನನ್ನು ಕಾಯುತ್ತಿದ್ದೇನೆಂದು ತಿಳಿದಿದ್ದೆ. ಕಾದದ್ದು ನನ್ನನ್ನೇ ಇರಬೇಕು.

ನಾನೇ ಬೆಂಕಿ ಕೊಟ್ಟೆ. ನಾನೇ ತಲೆ ಬೋಳಿಸಿಕೊಂಡೆ. ಸೆಕೆಗಲ್ಲ. ವೈಶಾಖ ಶುದ್ಧ ದಶಮಿ. ಮಹಾಲಯಕ್ಕೆ ಹೆಸರು ಬಿಟ್ಟುಬಿಡೋಣವೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಬದುಕಿದ್ದವರಿಗೆ ಸುಳ್ಳು ಹೇಳಲು ನನಗೆ ಬರುತ್ತದೆ. ಬಾಯಾರಿದವರಿಗೆ ಬರುವುದಿಲ್ಲ.

ಶೀನ


ಮೂಡುಕೆರೆ
೨೬-೫-೧೯೬೪

ಶೀನನಿಗೆ ಆಶೀರ್ವಾದ.

ಹೋಟೆಲಿನಲ್ಲಿ ರಜೆ ಇಲ್ಲ, ತಿಥಿಗೆ ಬರಲಾಗುವುದಿಲ್ಲ ಎಂದು ಕಾರ್ಡು ಹಾಕಿದ್ದೀ. ರಜೆ ಉಂಟೆಂದು ನನಗೆ ಗೊತ್ತು. ಇರಲಿ. ಬರಲಿಲ್ಲವಾದ್ದರಿಂದ ಬರೆಯುತ್ತೇನೆ.

ನಿನ್ನ ಕಾಗದ ಬಂದ ದಿನ ನಾನು ಓದಲು ಕೂತೆ, ಕ್ಷಯದ ವಾರ್ಡಿಗೆ ಬಂದು ನಿಲ್ಲಿಸಿದೆ. ಊರ್ಮಿಳಾ ಕೈಯಿಂದ ತೆಗೆದುಕೊಂಡು ಅಜ್ಜಿಗೆ ಪೂರ್ತಿ ಓದಿ ಹೇಳಿದಳು. ಎಂಜಲಿನ ಮಾತನ್ನು ಎರಡು ಸಲ ಓದಿದಳು. ಮಡಚಿ ಇಟ್ಟು, ‘ನನ್ನ ಮೇಲಿನ ಪ್ರೀತಿಯಿಂದ ಹೋದವರಿಗೆ ನಾನು ಹದಿನಾಲ್ಕು ವರ್ಷ ಬೈದೆ’ ಅಂದಳು. ಅಷ್ಟೆ. ಎದ್ದು ದನಕ್ಕೆ ಹುಲ್ಲು ಹಾಕಲು ಹೋದಳು. ನಾವು ಮೂರೂ ಜನ ಸೇರಿ ಅವಳನ್ನು ಇಷ್ಟು ಬೇಗ ದೊಡ್ಡವಳನ್ನಾಗಿ ಮಾಡಬಾರದಿತ್ತು. ಕಲ್ಯಾಣಪುರದವರು ಬೇರೆ ಹುಡುಗಿಯನ್ನು ನೋಡಿದರಂತೆ.

ಅತ್ತೆ ಅಳಲಿಲ್ಲ. ಮೊದಲು ಕೇಳಿದ್ದು, ‘ಆ ವರ್ಷ ವೈಶಾಖ ಎರಡಿತ್ತು. ಅಧಿಕದ್ದೋ, ನಿಜದ್ದೋ?’ ಎಂದು. ನಿನ್ನ ಹಳೆಯ ಕಾಗದದ ತಾರೀಕು ನೋಡಿ ನಿಜದ್ದು ಅಂದೆ. ‘ಸರಿ’ ಅಂದರು. ಗೋಡೆಯ ಮೂರು ಗೆರೆಗಳನ್ನು ತಾವೇ ಒರಸಿದರು. ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದವರು, ‘ಶೀನ ಎಳ್ಳು ಬಿಟ್ಟದ್ದು ಯಾವ ನೀರಿನಲ್ಲಿ? ಸಮುದ್ರದ್ದಾ?’ ಎಂದು ಕೇಳಿದರು. ಇರಬೇಕು ಅಂದೆ. ‘ಅವನಿಗೆ ಉಪ್ಪು ಜಾಸ್ತಿಯಾದರೆ ಆಗುತ್ತಿರಲಿಲ್ಲ’ ಅಂದರು. ಆಮೇಲೆ ಅತ್ತರು.

ಮೊನ್ನೆ ದಶಮಿಗೆ ತಿಥಿಯಾಯಿತು. ಅತ್ತೆಯ ಮೈದುನನ ಮಗ ಕೂತು ಮಾಡಿದ. ನಮ್ಮ ಬಾವಿಯ ಸಿಹಿನೀರನ್ನು ಅತ್ತೆಯೇ ಸೇದಿಕೊಟ್ಟರು.

ಕುಂಕುಮವನ್ನು ನಾನೇ ಒರಸಿಕೊಂಡೆ. ಬಳೆ ತೆಗೆದು ಊರ್ಮಿಳಾಳ ಪೆಟ್ಟಿಗೆಯಲ್ಲಿಟ್ಟೆ. ಆ ದಿನ ಬೆಳಿಗ್ಗೆ ಪುರೋಹಿತರು ಅಂಗಳದಲ್ಲಿ ನಿಂತು ಅತ್ತೆಯನ್ನು ಕೇಳಿದರು, ‘ಅಂಬುಜಮ್ಮ, ಕ್ಷೌರದವನಿಗೆ ಹೇಳಿಕಳಿಸಬೇಕಲ್ಲ. ಯಾರನ್ನು ಕಳಿಸುವುದು?’ ನಾನು ಹಿಂದಿನ ಜಗಲಿಯಲ್ಲಿ ಕೂದಲು ಬಿಚ್ಚಿಯೇ ಕೂತಿದ್ದೆ. ಹೆದರಿಕೆ ಇರಲಿಲ್ಲ ಎಂದರೆ ನಿನ್ನ ಗಿಣಿಯ ಕಾಗದದ ಹಾಗೆ ಆದೀತು.

ಅತ್ತೆ ಕೆಂಪು ಸೀರೆಯ ಸೆರಗನ್ನು ತಮ್ಮ ಬೋಳುತಲೆಯ ಮೇಲೆ ಸರಿಮಾಡಿಕೊಂಡು ಹೇಳಿದರು:

‘ಯಾರೂ ಹೋಗುವುದು ಬೇಡ ಭಟ್ರೇ. ನನ್ನ ಮಗನಿಗಾಗಿ ಮದ್ರಾಸಿನಲ್ಲಿ ಒಂದು ತಲೆ ಬೋಳಿಸಿ ಆಗಿದೆ.’

ತುಂಗಾ